ಪಾಲಿನ ಮಾತು: ಉಯಿಲು, ವಿಭಾಗ, ಪೌತಿ ಖಾತೆ, ಕೊನೆಗೆ ಕೋರ್ಟು

ಪಹಣಿಯ ಒಂಬತ್ತನೇ ಕಾಲಂನಲ್ಲಿ ಇನ್ನೂ ತಾತನ ಹೆಸರಿದೆ. ತಾತ ತೀರಿಕೊಂಡು ಮೂವತ್ತು ವರ್ಷ ಆಯಿತು, ಅಪ್ಪ ಹೋಗಿ ಒಂದು ವರ್ಷ. ಊರಲ್ಲಿರುವ ತಮ್ಮನಿಗೆ ಬೆಳೆಸಾಲ ಬೇಕು. ಬೆಂಗಳೂರಿನ ಅಣ್ಣ ಫ್ಲ್ಯಾಟಿಗೆ ಮುಂಗಡ ಕಟ್ಟಬೇಕು. ಮದುವೆಯಾಗಿ ಹೋದ ಅಕ್ಕನಿಗೆ ಏನು ಬೇಕೆಂದು ಯಾರೂ ಕೇಳಿಲ್ಲ. ತಾಲ್ಲೂಕು ಕೋರ್ಟಿನಲ್ಲಿ ಸಿವಿಲ್ ಕೇಸು ನಡೆಸುವ ನನ್ನ ಮುಂದೆ ಬಂದು ಕೂರುವ ಮನೆಗಳ ಕಥೆ ಬಹುಮಟ್ಟಿಗೆ ಇಷ್ಟೇ. ಹೆಸರು, ಸರ್ವೆ ನಂಬರು ಮಾತ್ರ ಬೇರೆ.

ಇಂಥ ಜಗಳಕ್ಕೆಲ್ಲ ದುರಾಸೆ ಕಾರಣ ಅಂತ ಊರು ಆಡಿಕೊಳ್ಳುತ್ತದೆ. ನಾನು ಕಂಡಂತೆ ಸಂಕೋಚದ ಪಾಲು ಇನ್ನೂ ದೊಡ್ಡದು. ಅಪ್ಪ ಬದುಕಿರುವಾಗ ಪಾಲು ಅನ್ನಬಾರದು, ಉಯಿಲಿನ ಮಾತೆತ್ತಿದರೆ ಅಪಶಕುನ, ಅಕ್ಕನನ್ನು ಸಹಿಗೆ ಕರೆದರೆ ಏನಂದುಕೊಳ್ಳುತ್ತಾಳೋ. ಹೀಗೆ ನುಂಗಿಕೊಂಡ ಮಾತು ಹತ್ತು ವರ್ಷದ ಮೇಲೆ ಲೀಗಲ್ ನೋಟೀಸಾಗಿ ಅಂಚೆಯವನ ಕೈಯಲ್ಲಿ ಬರುತ್ತದೆ. ಅದಕ್ಕೇ ಇಲ್ಲಿ ಕೋರ್ಟಿನ ವಿಷಯ ಕೊನೆಗಿದೆ. ಅದಕ್ಕೆ ಮುಂಚೆ ಮನೆಯಲ್ಲೇ ಮಾಡಬಹುದಾದ ಕೆಲಸ ಬಹಳಷ್ಟಿದೆ.

ಒಂದು ಮಾತು ಮೊದಲೇ. ಇಲ್ಲಿ ಬರುವ ಹಕ್ಕಿನ ಲೆಕ್ಕ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯದು. ಅದು ಲಿಂಗಾಯತರಿಗೂ ಜೈನರು, ಬೌದ್ಧರು, ಸಿಖ್ಖರಿಗೂ ಅನ್ವಯಿಸುತ್ತದೆ. ಮುಸ್ಲಿಮರಲ್ಲಿ ಉಯಿಲಿನಿಂದ ಕೊಡಬಹುದಾದದ್ದು ವಾರಸುದಾರರ ಒಪ್ಪಿಗೆ ಇಲ್ಲದಿದ್ದರೆ ಮೂರನೇ ಒಂದು ಭಾಗಕ್ಕೆ ಸೀಮಿತ. ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ: ಉಯಿಲಿಲ್ಲದೆ ಗಂಡ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು, ಉಳಿದದ್ದು ಗಂಡು ಹೆಣ್ಣು ಮಕ್ಕಳಿಗೆ ಸಮಪಾಲು. ಕಾಗದಪತ್ರ, ಖಾತೆ, ನೋಂದಣಿಯ ವಿಷಯ ಹೆಚ್ಚುಕಡಿಮೆ ಎಲ್ಲರಿಗೂ ಒಂದೇ.

ಮೊದಲು ಟ್ರಂಕು ತೆಗೆಯಿರಿ

ಎಲ್ಲ ಮನೆಯಲ್ಲೂ ಒಂದು ಟ್ರಂಕೋ ಗಾಡ್ರೇಜ್ ಬೀರುವಿನ ಲಾಕರೋ ಇರುತ್ತದೆ. ಅದರೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಮಡಚಿದಲ್ಲೆಲ್ಲ ಹರಿದ ಕ್ರಯಪತ್ರ, ಹಳೆ ಕಂದಾಯ ರಸೀದಿ, ಯಾವುದೋ ಸೊಸೈಟಿಯ ಷೇರು ಚೀಟಿ. ಒಂದು ಭಾನುವಾರ ಅಪ್ಪ ಅಮ್ಮನನ್ನು ಪಕ್ಕದಲ್ಲೇ ಕೂರಿಸಿಕೊಂಡು ಅದನ್ನೆಲ್ಲ ಹೊರಗೆ ತೆಗೆಯಿರಿ. ‘ಪಾಲು’ ಅನ್ನಬೇಡಿ. ‘ಕಾಗದ ಹಾಳಾಗ್ತಿದೆ, ಝೆರಾಕ್ಸ್ ಮಾಡಿಸಿ ಇಡೋಣ’ ಅಂದರೆ ಸಾಕು. ಆ ನೆಪದಲ್ಲಿ ಹಿರಿಯರ ಬಾಯಿಂದ ಬರುವ ಮಾತು ಮುಂದೆ ಯಾವ ಕಚೇರಿಯಲ್ಲೂ ಸಿಗುವುದಿಲ್ಲ.

ನೋಟ್‌ಬುಕ್ಕಿನಲ್ಲಿ ಆಸ್ತಿಗೊಂದು ಪುಟ ಇಡಿ. ಏನು, ಎಲ್ಲಿ, ಸರ್ವೆ ನಂಬರು ಅಥವಾ ಸೈಟಿನ ನಂಬರು, ಈಗ ಖಾತೆ ಯಾರ ಹೆಸರಲ್ಲಿದೆ, ಸಾಲ ಇದೆಯೋ. ಇವೆಲ್ಲ ಸುಲಭ. ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಅದು ಬಂದದ್ದು ಹೇಗೆ? ತಾತನ ಪಾಲಿನಲ್ಲಿ ಬಂತೇ, ಅಪ್ಪ ಸಂಬಳದ ದುಡ್ಡಿನಲ್ಲಿ ಕೊಂಡರೇ, ಅಮ್ಮನ ತವರಿನಿಂದ ಬಂತೇ, 1974ರ ಭೂಸುಧಾರಣೆಯಲ್ಲಿ ಫಾರಂ ನಂಬರ್ 7 ಹಾಕಿ ಗೇಣಿ ಜಮೀನು ಉಳಿಸಿಕೊಂಡದ್ದೇ, ಸರ್ಕಾರ ಮಂಜೂರು ಮಾಡಿದ್ದೇ? ಮುಂದಿನ ಲೆಕ್ಕವೆಲ್ಲ ಈ ಒಂದು ಉತ್ತರದ ಮೇಲೆ ನಿಂತಿದೆ.

ಫಾರಂ ನಂಬರ್ 7ರ ಜಮೀನಿನದು ದೊಡ್ಡ ತಲೆನೋವು. ಅರ್ಜಿ ಹಾಕಿದವನು ಮನೆಯ ಹಿರಿಮಗ, ಭೂನ್ಯಾಯಮಂಡಳಿಯ ಆದೇಶದಲ್ಲಿ ಅವನೊಬ್ಬನದೇ ಹೆಸರು. ಐವತ್ತು ವರ್ಷದ ಮೇಲೆ ಅವನ ಮಕ್ಕಳು ‘ಇದು ನಮ್ಮಪ್ಪಂದು’ ಅನ್ನುತ್ತಾರೆ. ಗೇಣಿ ಯಾರ ಕಾಲದಿಂದ ನಡೆಯುತ್ತಿತ್ತು, ಮನೆಯವರೆಲ್ಲ ಸೇರಿ ಉಳುತ್ತಿದ್ದರೇ ಅನ್ನುವುದಕ್ಕೆ ಹಳೆ ಪಹಣಿ, ಗೇಣಿ ಚೀಟಿ ಇದ್ದರೆ ಚಿಕ್ಕಪ್ಪಂದಿರಿಗೂ ಹಕ್ಕಿದೆ ಎಂದು ಸಾಧಿಸಬಹುದು. ಇಲ್ಲದಿದ್ದರೆ ಕಷ್ಟ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ ಅಂಥ ಜಮೀನು ಕೈಬಿಟ್ಟುಹೋಗದಂತೆ ತಡೆಯುವ 1978ರ ಪಿಟಿಸಿಎಲ್ ಕಾಯ್ದೆ ಅನ್ವಯಿಸುತ್ತದೆ. ಮನೆಯವರೊಳಗೆ ವಿಭಾಗ ಮಾಡಿಕೊಳ್ಳಲು, ಉಯಿಲು ಬರೆಯಲು ಅದರಲ್ಲಿ ಅಡ್ಡಿಯಿಲ್ಲ. ಮಾರುವುದಕ್ಕೆ, ದಾನ ಕೊಡುವುದಕ್ಕೆ ಸರ್ಕಾರದ ಅನುಮತಿ ಮೊದಲೇ ಬೇಕು.

ಮನೆಯಲ್ಲಿ ಕಾಗದ ಸಿಗದಿದ್ದರೆ ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ (ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ) ತೆಗೆಸಿ. ನಾವೆಲ್ಲ ಇಸಿ ಅನ್ನುವುದು ಅದನ್ನೇ. ಜಮೀನಿನ ಹಳೆ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ನಕಲು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಸಿಗುತ್ತವೆ.

ಪಿತ್ರಾರ್ಜಿತ ಯಾವುದು, ಸ್ವಯಾರ್ಜಿತ ಯಾವುದು

‘ತಾತನ ಆಸ್ತಿ ಮೊಮ್ಮಗನಿಗೆ, ಅಪ್ಪ ಮುಟ್ಟೋ ಹಾಗಿಲ್ಲ’ ಅನ್ನುವ ಮಾತನ್ನು ಟೀ ಅಂಗಡಿಯಲ್ಲಿ ದಿನಾ ಕೇಳುತ್ತೇನೆ. ಇದು ಅರ್ಧ ಸತ್ಯ. ತಾತ ಸ್ವಂತ ದುಡಿಮೆಯಲ್ಲಿ ಕೊಂಡ ಸೈಟು, ಅವರು 1956ರ ನಂತರ ಉಯಿಲಿಲ್ಲದೆ ತೀರಿಕೊಂಡಾಗ ನಿಮ್ಮ ಅಪ್ಪನ ಪಾಲಿಗೆ ಬಂದಿದ್ದರೆ ಅದು ಅಪ್ಪನ ಸ್ವಂತದ್ದು. ಅಪ್ಪ ಇರುವಾಗ ಮಗ ಅದರಲ್ಲಿ ಪಾಲು ಕೇಳುವಂತಿಲ್ಲ. ಸುಪ್ರೀಂ ಕೋರ್ಟು 1986ರ ಚಂದರ್ ಸೇನ್ ಪ್ರಕರಣದಿಂದ ಇದನ್ನೇ ಹೇಳುತ್ತ ಬಂದಿದೆ. ತಲೆಮಾರುಗಳಿಂದ ಒಟ್ಟು ಕುಟುಂಬದಲ್ಲಿದ್ದು, ವಿಭಾಗದಲ್ಲಿ ಅಪ್ಪನ ಪಾಲಿಗೆ ಬಂದ ಜಮೀನಿನ ಲೆಕ್ಕ ಬೇರೆ. ಪಿತ್ರಾರ್ಜಿತ ಅನ್ನುವುದು ಅದನ್ನೇ, ಅದರಲ್ಲಿ ಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕಿದೆ.

ಮಕ್ಕಳು ಎಂದರೆ ಹೆಣ್ಣುಮಕ್ಕಳೂ ಸೇರಿ. ಕರ್ನಾಟಕ 1994ರಲ್ಲೇ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. ಇಡೀ ದೇಶಕ್ಕೆ, ಮದುವೆಯಾದವರಿಗೂ ಸೇರಿ, ಬಂದದ್ದು 2005ರ ಸೆಪ್ಟೆಂಬರ್ 9ರಂದು. ಆ ದಿನ ಅಪ್ಪ ಬದುಕಿರಬೇಕಿತ್ತೇ ಎಂಬ ಗೊಂದಲ ಹದಿನೈದು ವರ್ಷ ಎಳೆದಾಡಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಬೇಕಿಲ್ಲ ಅಂದಿತು. 2004ರ ಡಿಸೆಂಬರ್ 20ಕ್ಕೆ ಮೊದಲೇ ಸರಿಯಾಗಿ ಆಗಿಹೋದ ವಿಭಾಗವನ್ನು ಮಾತ್ರ ಕೆದಕುವಂತಿಲ್ಲ. ‘ನಮ್ಮಲ್ಲಿ ಬಾಯಿಮಾತಲ್ಲೇ ಪಾಲಾಗಿತ್ತು’ ಎಂದು ಆಮೇಲೆ ಹೇಳಿದರೆ ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಆ ಪಾಲಿನಂತೆ ಬೇರೆ ಬೇರೆ ಖಾತೆ, ಕಂದಾಯ ನಡೆದುಬಂದದ್ದಕ್ಕೆ ಸರ್ಕಾರಿ ದಾಖಲೆ ತೋರಿಸಬೇಕು.

ಒಂದು ಲೆಕ್ಕ ನೋಡಿ. ಅಮ್ಮ ತೀರಿಕೊಂಡಿದ್ದಾರೆ. ಅಪ್ಪ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು. ನಾಲ್ಕು ಎಕರೆ ಪಿತ್ರಾರ್ಜಿತ ಜಮೀನು, ಪೇಟೆಯಲ್ಲಿ ಅಪ್ಪ ಕೊಂಡ ಒಂದು ಸೈಟು. ಕೊನೆಗಾಲದಲ್ಲಿ ನೋಡಿಕೊಂಡ ಕಿರಿಮಗನಿಗೆ ಎಲ್ಲವನ್ನೂ ಅಪ್ಪ ಉಯಿಲು ಬರೆದು ಹೋದರು. ಸೈಟು ಪೂರ್ತಿ ಕಿರಿಮಗನಿಗೆ, ಅದರಲ್ಲಿ ತಕರಾರಿಲ್ಲ. ಜಮೀನಿನಲ್ಲಿ ಅಪ್ಪನದು ನಾಲ್ಕರಲ್ಲಿ ಒಂದು ಎಕರೆ ಮಾತ್ರ. ಉಯಿಲು ನಡೆಯುವುದು ಅಷ್ಟಕ್ಕೇ. ಕಿರಿಮಗನಿಗೆ ತನ್ನದೊಂದು, ಅಪ್ಪನದೊಂದು, ಎರಡು ಎಕರೆ. ಅಣ್ಣನಿಗೆ ಒಂದು, ಅಕ್ಕನಿಗೆ ಒಂದು. ನಾಲ್ಕೂ ಎಕರೆ ತನ್ನದೆಂದುಕೊಂಡು ಬೋರು ಕೊರೆಸಿ ಅಡಿಕೆ ಸಸಿ ನೆಟ್ಟ ಮೇಲೆ ಈ ಲೆಕ್ಕ ಗೊತ್ತಾಗುವುದು ಬಹಳ ನೋವಿನ ವಿಷಯ.

ಈಗಿನ ಕುಟುಂಬಗಳಲ್ಲಿ ಇನ್ನೂ ಮೂರು ಸಂದರ್ಭ ಬರುತ್ತವೆ. ಮೊದಲನೆಯದು ಎರಡನೇ ಸಂಬಂಧದ ಮಕ್ಕಳು. ಮೊದಲ ಮದುವೆ ಊರ್ಜಿತವಾಗಿರುವಾಗಲೇ ಆದ ಎರಡನೇ ಮದುವೆಯಲ್ಲಿ ಹೆಂಡತಿಗೆ ವಾರಸು ಹಕ್ಕು ಬರುವುದಿಲ್ಲ, ಮಕ್ಕಳಿಗೆ ಬರುತ್ತದೆ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟು, ಒಟ್ಟು ಕುಟುಂಬದ ಆಸ್ತಿಯಲ್ಲಿ ಅಪ್ಪನ ಪಾಲಿಗೆ ಬರುವ ಭಾಗದಲ್ಲಿ ಆ ಮಕ್ಕಳೂ ಹಕ್ಕುದಾರರು ಎಂದಿತು. ಎರಡನೆಯದು ಮದುವೆಯಾಗದೆ ಕೂಡಿ ಬಾಳುವವರು, ಹೆಂಡತಿ ಕರೆತಂದ ಮೊದಲ ಮದುವೆಯ ಮಗು. ಕಾಯ್ದೆಯ ವಾರಸುದಾರರ ಪಟ್ಟಿಯಲ್ಲಿ ಇವರಿಗೆ ಜಾಗವಿಲ್ಲ. ಉಯಿಲು ಬರೆದರಷ್ಟೇ ಸಿಗುತ್ತದೆ. ದತ್ತು ಮಗು ಹಾಗಲ್ಲ, ಹೊಟ್ಟೆಯಲ್ಲಿ ಹುಟ್ಟಿದ ಮಗುವಿನಷ್ಟೇ ಹಕ್ಕು ಅದಕ್ಕೂ ಇದೆ.

ಮೂರನೆಯದು ಹೆಚ್ಚಿನವರಿಗೆ ಗೊತ್ತೇ ಇಲ್ಲ. ಗಂಡ ತೀರಿಕೊಂಡ, ಮಕ್ಕಳಿಲ್ಲದ, ಸ್ವಂತ ಸಂಬಳದಲ್ಲಿ ಫ್ಲ್ಯಾಟು ಕೊಂಡ ಹೆಣ್ಣುಮಗಳೊಬ್ಬಳು ಉಯಿಲಿಲ್ಲದೆ ಹೋದರೆ ಆ ಫ್ಲ್ಯಾಟು ಅವಳ ಹೆತ್ತ ತಾಯಿಗೆ ಹೋಗುವುದಿಲ್ಲ. ಕಾಯ್ದೆಯ 15ನೇ ಕಲಮಿನ ಪ್ರಕಾರ ಗಂಡನ ವಾರಸುದಾರರು ಮೊದಲು, ಅವರು ಯಾರೂ ಇಲ್ಲದಿದ್ದರೆ ಅಪ್ಪ ಅಮ್ಮ. ಸಾಕಿ ಓದಿಸಿದ ತಾಯಿ ಹೊರಗೆ ನಿಲ್ಲುತ್ತಾಳೆ, ವರ್ಷಗಟ್ಟಲೆ ಮಾತೇ ಆಡದ ಭಾವಮೈದುನ ಒಳಗೆ ಬರುತ್ತಾನೆ. ದುಡಿಯುವ ಹೆಣ್ಣುಮಕ್ಕಳಿಗೆ ನಾನು ಮೊದಲು ಹೇಳುವ ಮಾತೇ ಉಯಿಲು ಬರೆಯಿರಿ ಅಂತ.

ಅಕ್ಕ ತಂಗಿಯರ ಸಹಿ

ನಮ್ಮ ಕಡೆ ರೂಢಿ ಹೀಗಿದೆ. ಅಣ್ಣ ತಮ್ಮಂದಿರು ಪಾಲು ಮಾಡಿಕೊಂಡು, ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬರುವ ದಿನ ಬೆಳಗ್ಗೆ ಅಕ್ಕನಿಗೆ ಫೋನು ಮಾಡುತ್ತಾರೆ: ‘ಆಧಾರ್ ಕಾರ್ಡ್ ತಗೊಂಡು ಬಾ, ಒಂದು ಸಹಿ ಇದೆ.’ ಅಕ್ಕ ಬಸ್ಸಿನಲ್ಲಿ ಬಂದು, ಓದದೆ, ಹಕ್ಕು ಖುಲಾಸೆ ಪತ್ರಕ್ಕೆ ಸಹಿ ಹಾಕಿ, ಅರಿಶಿನ ಕುಂಕುಮಕ್ಕೆ ಅಂತ ಕೊಟ್ಟ ಸೀರೆ ಹಿಡಿದು ಹೋಗುತ್ತಾಳೆ. ಕೇಳಿದರೆ ತವರು ಮುಚ್ಚಿಹೋಗುತ್ತದೆ ಎಂಬ ಹೆದರಿಕೆ. ಆ ಸಹಿಯನ್ನು ಆರು ತಿಂಗಳ ಮೇಲೆ ಅವಳ ಮಗ ಪ್ರಶ್ನಿಸುತ್ತಾನೆ.

ಹಕ್ಕು ಬಿಡುವುದು ತಪ್ಪಲ್ಲ. ಎಷ್ಟೋ ಅಕ್ಕಂದಿರು ತಿಳಿದೇ, ಪ್ರೀತಿಯಿಂದಲೇ ಬಿಡುತ್ತಾರೆ. ಆದರೆ ಬಿಡುವುದೇನೆಂದು ಅವರಿಗೆ ಗೊತ್ತಿರಬೇಕು. ಒಂದು ವಾರ ಮೊದಲು ಪತ್ರದ ಕರಡು ಅವರ ವಾಟ್ಸಾಪಿಗೆ ಕಳಿಸಿ. ಆಸ್ತಿಯ ಪಟ್ಟಿ, ಅಂದಾಜು ಬೆಲೆ ಹೇಳಿ. ದುಡ್ಡು ಕೊಡುವುದಾದರೆ ಚೆಕ್ಕಿನಲ್ಲಿ ಕೊಟ್ಟು, ಚೆಕ್ಕಿನ ನಂಬರು ಪತ್ರದಲ್ಲೇ ಬರೆಸಿ. ಪಾಲಿನ ಬದಲು ಪೇಟೆಯ ಸೈಟಿನಲ್ಲಿ ಅರ್ಧ, ಅಥವಾ ಇಂತಿಷ್ಟು ವರ್ಷದೊಳಗೆ ಕಂತಿನಲ್ಲಿ ಹಣ ಅನ್ನುವ ಒಪ್ಪಂದಗಳೂ ನಡೆಯುತ್ತವೆ. ಮಾತಿಗೆ ಕೂರುವಾಗ ಅಳಿಯಂದಿರು, ಸೊಸೆಯರು ಮೊದಲ ಸಲ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅವರು ಕೆಟ್ಟವರು ಅಂತಲ್ಲ. ಒಡಹುಟ್ಟಿದವರು ತಮ್ಮತಮ್ಮಲ್ಲೇ ಆದರೆ ಹಳೆಯದನ್ನು ನೆನೆದು ಒಂದೆರಡು ಮಾತು ಸೋಲುತ್ತಾರೆ.

ಯಾವ ಪತ್ರ

ದಾರಿ ನಾಲ್ಕಿವೆ. ಅಪ್ಪ ಅಮ್ಮ ಇರುವಷ್ಟು ದಿನ ಆಸ್ತಿ ಅವರದೇ ಆಗಿದ್ದು ಆಮೇಲೆ ಹೋಗಬೇಕಾದರೆ ಉಯಿಲು. ಈಗಲೇ ಕೊಟ್ಟುಬಿಡುವುದಾದರೆ ದಾನಪತ್ರ. ಎಲ್ಲರ ಒಟ್ಟು ಆಸ್ತಿ ಹಂಚಿಕೊಳ್ಳುವುದಾದರೆ ವಿಭಾಗ ಪತ್ರ. ಒಬ್ಬರು ಇನ್ನೊಬ್ಬ ಪಾಲುದಾರರಿಗೆ ಹಕ್ಕು ಬಿಡುವುದಾದರೆ ಖುಲಾಸೆ ಪತ್ರ. ಹತ್ತಿರದ ಸಂಬಂಧಿಗಳ ನಡುವಿನ ದಾನ, ವಿಭಾಗ, ಖುಲಾಸೆಗೆ ಕರ್ನಾಟಕದಲ್ಲಿ ಮಾರುಕಟ್ಟೆ ಬೆಲೆಯ ಮೇಲೆ ಶುಲ್ಕವಿಲ್ಲ, ನಿಗದಿತ ಮೊತ್ತ ಕಟ್ಟಿದರೆ ಸಾಕು. ಮೊತ್ತ ಆಗಾಗ ಬದಲಾಗುತ್ತದೆ. ನಿಮ್ಮ ನೆಂಟಸ್ತಿಕೆ ಆ ಪಟ್ಟಿಯಲ್ಲಿದೆಯೇ ಎಂದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ. ಉಯಿಲಿಗಂತೂ ಮುದ್ರಾಂಕ ಶುಲ್ಕವೇ ಇಲ್ಲ, ಬಿಳಿ ಹಾಳೆ ಸಾಕು.

ದಾನಪತ್ರಕ್ಕೆ ನಾನು ಸುಲಭವಾಗಿ ಒಪ್ಪುವುದಿಲ್ಲ. ಉಯಿಲನ್ನು ನಾಳೆ ಬದಲಿಸಬಹುದು, ನೋಂದಾಯಿಸಿ ಕೊಟ್ಟ ದಾನವನ್ನು ಮನಸ್ಸು ಮುರಿದ ಮಾತ್ರಕ್ಕೆ ಹಿಂತೆಗೆದುಕೊಳ್ಳಲಾಗದು. ಕೊಡಲೇಬೇಕೆಂದರೆ ಪತ್ರದೊಳಗೆ ಹೀಗೊಂದು ಸಾಲು ಬರೆಸಿ: ‘ದಾನ ಪಡೆದವರು ನನಗೂ ನನ್ನ ಪತ್ನಿಗೂ ನಮ್ಮ ಜೀವಮಾನಪರ್ಯಂತ ವಸತಿ, ಊಟ, ಔಷಧೋಪಚಾರ ಒದಗಿಸತಕ್ಕದ್ದು.’ 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ, ಷರತ್ತು ಮುರಿದರೆ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಿ ದಾನವನ್ನು ರದ್ದು ಮಾಡಿಸಬಹುದು. ಷರತ್ತು ಕಾಗದದಲ್ಲೇ ಇಲ್ಲದಿದ್ದರೆ ‘ನೋಡಿಕೊಳ್ತೀನಿ ಅಂದಿದ್ದ’ ಎಂದು ಸಾಧಿಸಲು ಆ ಇಳಿವಯಸ್ಸಿನಲ್ಲಿ ಹೆಣಗಬೇಕು. ಪಿತ್ರಾರ್ಜಿತದಲ್ಲಿನ ಪಾಲಾಗದ ಹಕ್ಕನ್ನು ಉಳಿದವರ ಒಪ್ಪಿಗೆಯಿಲ್ಲದೆ ದಾನ ಕೊಡಲಾಗದು ಎಂಬುದೂ ನೆನಪಿರಲಿ. ಉಯಿಲಿಗೆ ಆ ಅಡ್ಡಿ ಇಲ್ಲ.

ವಿಭಾಗ ಪತ್ರದಲ್ಲಿ ಎಕರೆ ಗುಂಟೆ ಎಲ್ಲರೂ ಬರೆಸುತ್ತಾರೆ, ಬದುಕುವುದಕ್ಕೆ ಬೇಕಾದದ್ದನ್ನು ಮರೆಯುತ್ತಾರೆ. ಹಿಂದಿನ ಹೊಲಕ್ಕೆ ಹೋಗುವ ಬಂಡಿ ದಾರಿ ಯಾವ ಬದುವಿನ ಪಕ್ಕ, ಎಷ್ಟು ಅಡಿ? ಬೋರಿನ ನೀರು ಯಾರಿಗೆ ಯಾವ ದಿನ, ಮೋಟಾರು ಸುಟ್ಟರೆ ಖರ್ಚು ಯಾರದು, ಆರ್‌ಆರ್ ನಂಬರು (ವಿದ್ಯುತ್ ಸಂಪರ್ಕದ ಸಂಖ್ಯೆ) ಯಾರ ಹೆಸರಲ್ಲಿ? ಬದುವಿನ ಮೇಲಿನ ತೆಂಗಿನ ಮರ ಯಾರದು? ಪೇಟೆಯ ಮನೆಯಾದರೆ ಇದೇ ಪ್ರಶ್ನೆ ಮೆಟ್ಟಿಲು, ಸಂಪು, ಗೇಟಿನ ಮುಂದೆ ಕಾರು ನಿಲ್ಲಿಸುವ ಜಾಗ, ಟೆರೇಸಿನ ಮೇಲೆ ಮತ್ತೊಂದು ಅಂತಸ್ತು ಕಟ್ಟುವ ಹಕ್ಕು. ಮಕ್ಕಳಿಗೆ ನೆಲಮಹಡಿ, ಮೊದಲನೇ ಮಹಡಿ, ಎರಡನೇ ಮಹಡಿ ಎಂದು ಹಂಚಿ, ಟೆರೇಸಿನ ಮಾತೇ ಬರೆಯದ ಒಂದು ಉಯಿಲಿನ ಕೇಸು ನನ್ನ ಕಪಾಟಿನಲ್ಲಿ ಇನ್ನೂ ಇದೆ. ಜಮೀನಿನ ಸರ್ವೆ ನಂಬರು ಒಡೆಯುವುದಾದರೆ ನೋಂದಣಿಗೆ ಮೊದಲೇ 11ಇ ನಕ್ಷೆ (ಒಡೆಯುವ ಭಾಗವನ್ನು ಅಳೆದು ತೋರಿಸುವ ಸರ್ವೆ ನಕ್ಷೆ) ಬೇಕು. ಅದಕ್ಕೆ ಸರ್ವೆಯರ್ ಬರುವ ದಿನ ಎಲ್ಲ ಪಾಲುದಾರರೂ ಹೊಲದಲ್ಲಿರಿ.

ಉಯಿಲು ಬರೆಯುವ ದಿನ

ನಮ್ಮ ತಾತ ಮೇಷ್ಟರಾಗಿದ್ದವರು. ಮುತ್ತು ಪೋಣಿಸಿದಂಥ ಅಕ್ಷರದಲ್ಲಿ ಎರಡು ಪುಟದ ಉಯಿಲು ಬರೆದಿಟ್ಟಿದ್ದರು. ಸಾಕ್ಷಿ ಸಹಿ ಒಂದೇ, ಪಕ್ಕದ ಮನೆಯವರದು. ಕಾಯ್ದೆಗೆ ಇಬ್ಬರು ಬೇಕು. ತಾತ ಮನಸ್ಸಿನಲ್ಲಿ ಏನಿಟ್ಟುಕೊಂಡಿದ್ದರು ಎಂದು ಇಡೀ ಬೀದಿಗೆ ಗೊತ್ತಿತ್ತು, ಆದರೂ ಆ ಎರಡು ಪುಟ ಕಾಗದವಾಗಿಯೇ ಉಳಿಯಿತು. ನಾನು ಈ ವೃತ್ತಿಗೆ ಬಂದದ್ದಕ್ಕೆ ಆ ಕಾಣದ ಎರಡನೇ ಸಹಿಯೂ ಒಂದು ಕಾರಣ.

ಉಯಿಲು ಬರೆಯುವವರು ಸಹಿ ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿಗಳು ಅದನ್ನು ನೋಡಿ, ಬರೆದವರ ಎದುರೇ ತಾವೂ ಸಹಿ ಮಾಡಬೇಕು. ಮುಂದೆ ತಕರಾರಾದರೆ ಆ ಇಬ್ಬರಲ್ಲಿ ಒಬ್ಬರಾದರೂ ಕೋರ್ಟಿಗೆ ಬಂದು ‘ನನ್ನ ಮುಂದೆಯೇ ಸಹಿ ಹಾಕಿದರು’ ಎನ್ನಬೇಕಾಗುತ್ತದೆ. ಆದ್ದರಿಂದ ನಿಮಗಿಂತ ಹದಿನೈದು ಇಪ್ಪತ್ತು ವರ್ಷ ಚಿಕ್ಕವರನ್ನು, ವಿಳಾಸ ಬದಲಾದರೂ ಹುಡುಕಿದರೆ ಸಿಗುವವರನ್ನು ಸಾಕ್ಷಿಯಾಗಿ ಆರಿಸಿ. ಆಸ್ತಿ ಪಡೆಯುವವರೂ ಅವರ ಗಂಡ ಹೆಂಡಿರೂ ಸಾಕ್ಷಿಯಾಗುವುದು ಬೇಡ.

ಉಯಿಲಿನ ಮೇಲೆ ಅನುಮಾನ ಹುಟ್ಟುವ ಸಂದರ್ಭಗಳೇನು, ಅವನ್ನು ಯಾರು ನಿವಾರಿಸಬೇಕು ಎಂಬುದಕ್ಕೆ ದೇಶದ ಎಲ್ಲ ಕೋರ್ಟುಗಳೂ ಇವತ್ತಿಗೂ ಉದಾಹರಿಸುವ 1958ರ ತೀರ್ಪು ನಮ್ಮ ಮೈಸೂರು ಸೀಮೆಯ ಪ್ರಕರಣದ್ದು: ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ. ಹೆಚ್ಚಿನ ಲಾಭ ಪಡೆಯುವವರೇ ಮುಂದೆ ನಿಂತು ಬರೆಸಿದ್ದರೆ, ಹೆತ್ತ ಮಕ್ಕಳನ್ನು ಕಾರಣ ಹೇಳದೆ ಬಿಟ್ಟಿದ್ದರೆ, ಸಹಿ ನಡುಗಿದ್ದರೆ, ಆ ಅನುಮಾನ ಕಳೆಯುವ ಹೊಣೆ ಉಯಿಲು ಹಿಡಿದು ಬಂದವರದು. ಇದಕ್ಕೆ ಮದ್ದು ಬರೆಯುವ ದಿನವೇ ಇದೆ. ಮಗ ಆಚೆ ಇರಲಿ. ವಯಸ್ಸಾಗಿದ್ದರೆ ಅವತ್ತೇ ವೈದ್ಯರಿಂದ ‘ಬುದ್ಧಿ ಸ್ಥಿಮಿತವಾಗಿದೆ’ ಎಂಬ ಚೀಟಿ ಪಡೆಯಿರಿ. ಪ್ರತಿ ಪುಟಕ್ಕೂ ಸಹಿ ಬೀಳಲಿ. ಯಾರಿಗಾದರೂ ಕೊಡದಿದ್ದರೆ ಕಾರಣ ಬರೆಯಿರಿ. ಉದಾಹರಣೆಗೆ ಹೀಗೆ:

‘ನನ್ನ ಹಿರಿಯ ಮಗನಿಗೆ ಅಂಗಡಿ ಹಾಕಲು, ಮನೆ ಕಟ್ಟಲು ಈಗಾಗಲೇ ಹಣ ಕೊಟ್ಟಿರುವುದರಿಂದ ಈ ಕೆಳಕಂಡ ನಿವೇಶನದಲ್ಲಿ ಆತನಿಗೆ ಪಾಲು ಇಟ್ಟಿಲ್ಲ. ಆತನ ಮೇಲೆ ನನಗೆ ಯಾವ ಅಸಮಾಧಾನವೂ ಇಲ್ಲ.’

ಎರಡನೇ ವಾಕ್ಯಕ್ಕೆ ಕಾನೂನಿನ ಬೆಲೆ ಅಷ್ಟಿಲ್ಲ. ಆದರೂ ಓದುವವನು ಮಗ. ನಾನು ಅದನ್ನು ಬಿಡದೆ ಬರೆಸುತ್ತೇನೆ.

ಹೆಂಡತಿಗೆ ಕೊಡುವಾಗ ‘ಅನುಭವಿಸಿಕೊಂಡು ಹೋಗತಕ್ಕದ್ದು’ ಎಂಬಂಥ ಅಡ್ಡಗೋಡೆಯ ಮಾತು ಬೇಡ. ಮಾರುವ ಹಕ್ಕೂ ಸೇರಿ ಪೂರ್ತಿ ಅವಳದೋ, ಅವಳು ಇರುವಷ್ಟು ಕಾಲ ಮಾತ್ರವೋ, ಆಮೇಲೆ ಯಾರಿಗೆ ಎಂಬುದನ್ನು ಬಿಡಿಸಿ ಬರೆಯಿರಿ. ಕೊನೆಗೆ ಒಂದು ಸಾಲು: ‘ಇಲ್ಲಿ ಹೆಸರಿಸದ, ಮುಂದೆ ನನಗೆ ಬರಬಹುದಾದ ಎಲ್ಲ ಆಸ್ತಿಯೂ ಇಂಥವರಿಗೆ.’ ಅದಿಲ್ಲದಿದ್ದರೆ ಆಮೇಲೆ ಕೊಂಡ ಸೈಟೊಂದು ಉಯಿಲಿನ ಹೊರಗೆ ಉಳಿಯುತ್ತದೆ.

ನೋಂದಣಿ ಕಡ್ಡಾಯವಲ್ಲ. ನಾನು ಮಾಡಿಸಿ ಎನ್ನುತ್ತೇನೆ, ಯಾಕೆಂದರೆ ಕಳೆದುಹೋಗುವ, ಹರಿದು ಹಾಕುವ ಭಯ ಇರುವುದಿಲ್ಲ. ನೀವು ಬದುಕಿರುವಷ್ಟು ದಿನ ನೋಂದಾಯಿತ ಉಯಿಲಿನ ನಕಲು ನಿಮಗೆ ಅಥವಾ ನಿಮ್ಮ ಏಜೆಂಟರಿಗೆ ಬಿಟ್ಟು ಬೇರೆಯವರಿಗೆ ಸಿಗುವುದಿಲ್ಲ, ಗುಟ್ಟು ಗುಟ್ಟಾಗಿಯೇ ಇರುತ್ತದೆ. ನೋಂದಾಯಿಸಿದ ಮಾತ್ರಕ್ಕೆ ಉಯಿಲು ಸಾಬೀತಾದಂತಲ್ಲ, ಸಾಕ್ಷಿ ಬರಲೇಬೇಕು. ಕರ್ನಾಟಕದಲ್ಲಿ ಹಿಂದೂಗಳ ಉಯಿಲಿಗೆ ಪ್ರೊಬೇಟ್ (ಉಯಿಲು ಸಾಚಾ ಎಂದು ಕೋರ್ಟು ಕೊಡುವ ಪ್ರಮಾಣ) ಕಡ್ಡಾಯವಿಲ್ಲ. ತಕರಾರಿಲ್ಲದಿದ್ದರೆ ಅದರ ಮೇಲೆಯೇ ಖಾತೆಗೆ ಅರ್ಜಿ ಹಾಕಬಹುದು.

ಬ್ಯಾಂಕು, ಪಿಎಫ್, ವಿಮೆ

ನಾಮಿನಿ ಅಂದರೆ ಮಾಲೀಕ ಅಲ್ಲ, ಹಣವನ್ನು ಕೈಗೆ ತೆಗೆದುಕೊಳ್ಳುವವ ಅಷ್ಟೇ. ಅದು ಕೊನೆಗೆ ವಾರಸುದಾರರಿಗೆ ಸೇರಬೇಕು. ಷೇರುಗಳ ವಿಷಯದಲ್ಲೂ 2023ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನೇ ಹೇಳಿತು. ಜೀವವಿಮೆಯಲ್ಲಿ ಮಾತ್ರ 2015ರಿಂದ, ಗಂಡ ಹೆಂಡತಿ, ಮಕ್ಕಳು, ಅಪ್ಪ ಅಮ್ಮ ನಾಮಿನಿಯಾಗಿದ್ದರೆ ಹಣ ಅವರದೇ. ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿ ಕೊಡಬಹುದು. ಪಿಎಫ್ ಇರುವವರು ಗಮನಿಸಿ: ಮದುವೆಗೆ ಮೊದಲು ಅಮ್ಮನ ಹೆಸರು ಕೊಟ್ಟಿದ್ದರೆ ಮದುವೆಯಾದ ಮೇಲೆ ಆ ನಾಮಿನೇಶನ್ ಊರ್ಜಿತವಲ್ಲ, ಹೊಸದಾಗಿ ತುಂಬಬೇಕು. ಉಯಿಲಿನಲ್ಲಿರುವ ಹೆಸರೂ ನಾಮಿನಿಯ ಹೆಸರೂ ಒಂದೇ ಇದ್ದರೆ ಅರ್ಧ ಜಗಳ ತಪ್ಪುತ್ತದೆ. ನಾಮಿನಿಯೂ ಉಯಿಲೂ ಇಲ್ಲದಿದ್ದರೆ ಠೇವಣಿ, ಷೇರಿನ ದೊಡ್ಡ ಮೊತ್ತಕ್ಕೆ ಸಿವಿಲ್ ಕೋರ್ಟಿನಿಂದ ಉತ್ತರಾಧಿಕಾರ ಪ್ರಮಾಣಪತ್ರ ತರಬೇಕಾಗುತ್ತದೆ.

ತೀರಿಕೊಂಡ ಮೇಲಿನ ಮೊದಲ ವರ್ಷ

ಮರಣವನ್ನು 21 ದಿನದೊಳಗೆ ನೋಂದಾಯಿಸಿ, ಪ್ರಮಾಣಪತ್ರದ ಹತ್ತು ಪ್ರತಿ ಇಟ್ಟುಕೊಳ್ಳಿ. ನಾಡಕಚೇರಿಯಲ್ಲಿ ವಂಶವೃಕ್ಷಕ್ಕೆ ಅರ್ಜಿ ಹಾಕಿ. ವಂಶವೃಕ್ಷದಲ್ಲಿ ಅಕ್ಕ ತಂಗಿಯರ ಹೆಸರು ಬಿಡುವುದು, ತೀರಿಹೋದ ಅಣ್ಣನ ಹೆಂಡತಿ ಮಕ್ಕಳನ್ನು ಬಿಡುವುದು ಇವತ್ತಿಗೂ ನಡೆಯುತ್ತದೆ. ಮುಂದೆ ಸುಳ್ಳು ಅಫಿಡವಿಟ್ಟಿನ ಕ್ರಿಮಿನಲ್ ಕೇಸು ಹುಟ್ಟುವುದು ಇಲ್ಲಿಂದಲೇ.

ಆಮೇಲೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವುದು. 1964ರ ಭೂಕಂದಾಯ ಕಾಯ್ದೆ ಪ್ರಕಾರ ಹಕ್ಕು ಬಂದ ಮೂರು ತಿಂಗಳೊಳಗೆ ವರದಿ ಮಾಡಬೇಕು. ಮೂವತ್ತು ವರ್ಷ ಬಿಟ್ಟವರೂ ಮಾಡಿಸಬಹುದು, ಆದರೆ ಅಷ್ಟರಲ್ಲಿ ಮೂರು ಸಹಿಯ ಜಾಗದಲ್ಲಿ ಹದಿನೇಳು ಸಹಿ ಬೇಕಾಗಿರುತ್ತದೆ. ಪಾಲಿನ ಬಗ್ಗೆ ಒಮ್ಮತ ಇಲ್ಲದಿದ್ದರೂ ಎಲ್ಲ ವಾರಸುದಾರರ ಹೆಸರಿಗೆ ಜಂಟಿಯಾಗಿ ಖಾತೆ ಮಾಡಿಸಿಡಿ. ಖಾತೆ ಹಕ್ಕು ಕೊಡುವುದಿಲ್ಲ, ಅದು ಕಂದಾಯಕ್ಕಾಗಿ ಇರುವ ದಾಖಲೆ. ಆದರೂ ಒಬ್ಬನೇ ಗುಟ್ಟಾಗಿ ಮಾರದಂತೆ ಜಂಟಿ ಖಾತೆ ಕಾವಲು ಕಾಯುತ್ತದೆ. ಅಪ್ಪನ ಸಾಲವಿದ್ದರೆ ಹೆದರಬೇಡಿ, ನಿಮಗೆ ಬಂದ ಆಸ್ತಿಯ ಮಟ್ಟಿಗೆ ಮಾತ್ರ ಹೊಣೆ. ವಾರಸುದಾರರಲ್ಲಿ ಅಪ್ರಾಪ್ತ ಮಕ್ಕಳಿದ್ದು ಅವರಿಗೆ ವಾರಸಾಗಿ ಬಂದ ಪಾಲು ಮಾರಬೇಕಾದರೆ ಕೋರ್ಟಿನ ಅನುಮತಿ ಬೇಕು. ಅದಿಲ್ಲದೆ ತಾಯಿ ಮಾಡಿದ ಕ್ರಯವನ್ನು ಆ ಮಗು ಹದಿನೆಂಟು ತುಂಬಿದ ಮೂರು ವರ್ಷದೊಳಗೆ ಪ್ರಶ್ನಿಸಬಹುದು.

ವಿದೇಶದಲ್ಲಿರುವವರು ಸಹಿಗೆ ಬರಲಾಗದಿದ್ದರೆ ಅಲ್ಲಿನ ಭಾರತೀಯ ದೂತಾವಾಸದಲ್ಲಿ ಅಧಿಕಾರ ಪತ್ರ ಮಾಡಿ ಕಳಿಸಬಹುದು. ಅದು ಕರ್ನಾಟಕಕ್ಕೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಇಂಥ ಆಸ್ತಿಯ ಇಂಥ ಪತ್ರಕ್ಕೆ ಸಹಿ ಎಂದು ನಿರ್ದಿಷ್ಟವಾಗಿ ಬರೆಯಿರಿ, ‘ನನ್ನೆಲ್ಲ ವ್ಯವಹಾರಕ್ಕೂ’ ಎಂದು ಬೇಡ. ಬರೆದುಕೊಟ್ಟವರು ತೀರಿಕೊಂಡರೆ ಅಧಿಕಾರ ಪತ್ರವೂ ಅಲ್ಲಿಗೆ ಮುಗಿಯಿತು. ಅನಿವಾಸಿಗಳಿಗೆ ಕೃಷಿ ಜಮೀನು ಕೊಳ್ಳಲು ಆಗದು, ವಾರಸಾಗಿ ಬಂದದ್ದನ್ನು ಇಟ್ಟುಕೊಳ್ಳಬಹುದು. ಮಾರುವಾಗ ಕೊಳ್ಳುವವರು ಭಾರತದಲ್ಲೇ ನೆಲೆಸಿರುವವರಾಗಿರಬೇಕು.

ಜಗಳ ಬಂದೇಬಿಟ್ಟರೆ

ಮೊದಲ ವಾರ ಮಾಡಬೇಕಾದದ್ದು ಇಷ್ಟು: ಹೊಸ ಇಸಿ ತೆಗೆಸಿ, ಯಾವುದಾದರೂ ಪರಭಾರೆ (ಮಾರಾಟ, ದಾನ) ಆಗಿದೆಯೇ ನೋಡಿ. ಖಾತೆ ಬದಲಾವಣೆಗೆ ಅರ್ಜಿ ಬಿದ್ದಿದ್ದರೆ ತಾಲ್ಲೂಕು ಕಚೇರಿಯಲ್ಲಿ ಬರಹದಲ್ಲಿ ತಕರಾರು ಕೊಟ್ಟು ಸ್ವೀಕೃತಿ ಪಡೆಯಿರಿ. ಬೇಲಿ ಕಿತ್ತು, ಬೀಗ ಒಡೆದು, ಮರ ಕಡಿದು ಕ್ರಿಮಿನಲ್ ಕೇಸು ಮೈಮೇಲೆ ಎಳೆದುಕೊಳ್ಳಬೇಡಿ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬೈದದ್ದು ಮುಂದೆ ಪ್ರಿಂಟಾಗಿ ಫೈಲಿಗೆ ಸೇರುತ್ತದೆ.

ದಾವೆಗಿಂತ ಮೊದಲು ರಾಜಿಗೆ ಒಂದು ನಿಜವಾದ ಅವಕಾಶ ಕೊಡಿ. ಪ್ರತಿ ತಾಲ್ಲೂಕಿನ ಕೋರ್ಟಿನ ಆವರಣದಲ್ಲೂ ಕಾನೂನು ಸೇವಾ ಸಮಿತಿ ಇದೆ. ದಾವೆ ಹಾಕುವ ಮುಂಚೆಯೇ ಅಲ್ಲಿಗೆ ಅರ್ಜಿ ಕೊಡಬಹುದು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರ ನೆರವು ಉಚಿತ. ಬೆಂಗಳೂರಿನಲ್ಲಿ 2007ರಿಂದ ಮಧ್ಯಸ್ಥಿಕೆ ಕೇಂದ್ರ ನಡೆಯುತ್ತಿದೆ. ಲೋಕ ಅದಾಲತ್‌ನಲ್ಲಿ ಆದ ರಾಜಿಗೆ ಕೋರ್ಟಿನ ಡಿಕ್ರಿಯ (ತೀರ್ಪಿನ ಆದೇಶದ) ಬೆಲೆಯಿದೆ, ಮೇಲ್ಮನವಿ ಇಲ್ಲ. ಊರಿನ ಹಿರಿಯರ ಪಂಚಾಯ್ತಿಯಲ್ಲಿ ಬಗೆಹರಿದರೆ ಒಳ್ಳೆಯದೇ, ಆದರೆ ನೂರು ರೂಪಾಯಿ ಛಾಪಾಕಾಗದದ ಪಾಲುಪಟ್ಟಿಗೇ ನಿಲ್ಲಿಸಬೇಡಿ. ಅದೇ ತಿಂಗಳು ವಿಭಾಗ ಪತ್ರ ನೋಂದಾಯಿಸಿ.

ದಾವೆಯೇ ಗತಿಯಾದರೆ ಒಂದು ನಿಯಮ ನೆನಪಿಡಿ: ಎಲ್ಲ ಪಾಲುದಾರರೂ ಎಲ್ಲ ಆಸ್ತಿಗಳೂ ದಾವೆಯೊಳಗಿರಬೇಕು. ನಿಮ್ಮ ಕೈಯಲ್ಲಿರುವ ಸೈಟನ್ನು ಬಿಟ್ಟು ಅಣ್ಣನ ಕೈಯಲ್ಲಿರುವ ಜಮೀನಿಗೆ ಮಾತ್ರ ಪಾಲು ಕೇಳಿದರೆ ಅದೇ ಕಾರಣಕ್ಕೆ ದಾವೆ ಬೀಳಬಹುದು. ಒಟ್ಟು ಕುಟುಂಬದಲ್ಲಿ ನಿಮ್ಮನ್ನು ಹೊರಗಿಟ್ಟದ್ದು ಗೊತ್ತಾದ ಹನ್ನೆರಡು ವರ್ಷದೊಳಗೆ ಬರಬೇಕು. ದಾವೆ ನಡೆಯುವಾಗ ಯಾರಾದರೂ ಮಾರಿದರೆ ಕೊಂಡವರೂ ಕೊನೆಯ ತೀರ್ಪಿಗೆ ಬದ್ಧರು, ಆದರೂ ತಡೆಯಾಜ್ಞೆ ಕೇಳಿಕೊಳ್ಳುವುದು ವಾಸಿ. ಒಡಹುಟ್ಟಿದವರಲ್ಲಿ ಒಬ್ಬರು ವಾರಸಾಗಿ ಬಂದ ತಮ್ಮ ಭಾಗವನ್ನು ಹೊರಗಿನವರಿಗೆ ಮಾರಹೊರಟರೆ ಮೊದಲು ಕೊಳ್ಳುವ ಹಕ್ಕು ಉಳಿದ ವಾರಸುದಾರರಿಗಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 22ನೇ ಕಲಮಿನ ಈ ಹಕ್ಕು ಕೃಷಿ ಜಮೀನಿಗೂ ಸಲ್ಲುತ್ತದೆ ಎಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿದೆ.

ಗೆದ್ದ ದಿನ ಕೈಗೆ ಬರುವುದು ಪ್ರಾಥಮಿಕ ಡಿಕ್ರಿ. ಯಾರಿಗೆ ಎಷ್ಟು ಭಾಗ ಎಂಬುದಷ್ಟೇ ಅದರಲ್ಲಿದೆ, ಯಾವ ಕಡೆಯ ಭಾಗ ಎಂಬುದಿಲ್ಲ. ಎಷ್ಟೋ ಜನ ಸಿಹಿ ಹಂಚಿ ಅಲ್ಲಿಗೇ ಬಿಡುತ್ತಾರೆ. ಅಂತಿಮ ಡಿಕ್ರಿ ಆಗಬೇಕು. ಕಂದಾಯದ ಜಮೀನನ್ನು ಜಿಲ್ಲಾಧಿಕಾರಿಗಳ ಮೂಲಕ ತಹಶೀಲ್ದಾರ್, ಸರ್ವೆಯರ್ ಅಳೆದು ಒಡೆಯುತ್ತಾರೆ, ಮನೆಯನ್ನು ಕೋರ್ಟ್ ಕಮಿಷನರ್ ನೋಡುತ್ತಾರೆ. ಒಡೆಯಲು ಬಾರದ ಮೂವತ್ತು ನಲವತ್ತರ ಸೈಟಾದರೆ 1893ರ ವಿಭಾಗ ಕಾಯ್ದೆಯಡಿ ಮಾರಿ ಹಣ ಹಂಚಲು ಕೇಳಬಹುದು. ಆಗ ಉಳಿದ ಪಾಲುದಾರರು ಕೋರ್ಟು ಕಟ್ಟಿದ ಬೆಲೆಗೆ ತಾವೇ ಕೊಳ್ಳಲೂಬಹುದು. ಪ್ರಾಥಮಿಕ ಡಿಕ್ರಿಯಾದ ಮೇಲೆ ಕೋರ್ಟುಗಳು ಮತ್ತೊಂದು ಅರ್ಜಿಗೆ ಕಾಯದೆ ಮುಂದುವರಿಯಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. ಆದರೂ ನಿಮ್ಮ ವಕೀಲರನ್ನು ಕೇಳುತ್ತಲೇ ಇರಿ.

ಅಂತಿಮ ಡಿಕ್ರಿ, ನಕ್ಷೆ, ಸ್ವಾಧೀನದ ಮಹಜರು ಕೈಗೆ ಬಂದ ಮೇಲೆ ಅದರ ದೃಢೀಕೃತ ನಕಲು ಹಿಡಿದು ತಾಲ್ಲೂಕು ಕಚೇರಿಗೆ ಹೋಗಿ ಮ್ಯುಟೇಶನ್‌ಗೆ ಕೊಡಿ. ಪೋಡಿಯಾಗಿ (ಸರ್ವೆ ನಂಬರು ಒಡೆದು) ಹೊಸ ಹಿಸ್ಸಾ ನಂಬರು ಬಿದ್ದ ಮೇಲೆ ಪಹಣಿ ತೆಗೆಸಿ ಒಂಬತ್ತನೇ ಕಾಲಂ ನೋಡಿ. ಹೆಸರಿನ ಕಾಗುಣಿತ ಆಧಾರ್‌ನಲ್ಲಿ ಇರುವಂತೆಯೇ ಇದೆಯೇ, ವಿಸ್ತೀರ್ಣದಲ್ಲಿ ಗುಂಟೆ ಹೆಚ್ಚುಕಡಿಮೆ ಆಗಿದೆಯೇ, ಹನ್ನೊಂದನೇ ಕಾಲಂನಲ್ಲಿ ಅಪ್ಪನ ಕಾಲದ ತೀರಿದ ಸಾಲ ಇನ್ನೂ ಕೂತಿದೆಯೇ? ತಪ್ಪು ಕಂಡರೆ ತಿದ್ದುಪಡಿ ಅರ್ಜಿಯನ್ನು ಕೊಟ್ಟೇ ಕಚೇರಿಯಿಂದ ಹೊರಗೆ ಬನ್ನಿ.